ಮಗನ ಮುಂದೆ ಕೊಟ್ಟ ಉತ್ತರ

ಆಪರೇಷನ್ನಿಗೆ ಏನೇನು ಖರ್ಚಾಯಿತು ಅಂತ ಕೇಳಿದರೆ ದೊಡ್ಡಕ್ಕನ ಮನೆಯಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ಕುತ್ತಿಗೆಯ ಸರ ಹೋಯಿತು. ರಜೆ ಹಾಕಿದಷ್ಟು ದಿನದ ಸಂಬಳ ಹೋಯಿತು. ಮಗನ ಬೈಕಿಗೆ ಅಂತ ಕೂಡಿಟ್ಟಿದ್ದು ಔಷಧಿ ಅಂಗಡಿ ಸೇರಿತು. ಹಾಸಿಗೆಗೆ ಒಂದು ರೇಟು, ಹಾಸಿಗೆ ಪಕ್ಕದಲ್ಲಿ ಕೂರುವ ಕುರ್ಚಿಗೆ ಇನ್ನೊಂದು ರೇಟು. ಅವಳ ಗಂಡ ಗಾಜು ಕತ್ತರಿಸುವವನು. ಒಂದು ಗೆರೆ ತಪ್ಪಿದರೆ ಇಡೀ ಹಾಳೆ ದಂಡ ಅನ್ನುವ ಕಸುಬು, ಹಾಗಾಗಿ ಲೆಕ್ಕದಲ್ಲಿ ಗಟ್ಟಿ. ಅವನೇ ಎಲ್ಲ ಕೂಡಿಸಿ ನೋಡಿ, "ಹೋಗಲಿ ಬಿಡು, ನೀನು ಎದ್ದು ಓಡಾಡಿದರೆ ಸಾಕು" ಅಂದಿದ್ದ.

ಆ ಲೆಕ್ಕದಲ್ಲಿ ಒಂದು ಬಾಬತ್ತು ಬಿಟ್ಟುಹೋಗಿತ್ತು. ಅದು ಗಂಡನಿಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು. ನಾಲ್ಕು ವರ್ಷ ಇಬ್ಬರೂ ಅದನ್ನು ಬಾಯಿಗೆ ತರಲಿಲ್ಲ.

ದೊಡ್ಡಕ್ಕ ಕೆಲಸ ಮಾಡುವುದು ಲಾಂಡ್ರಿಯಲ್ಲಿ. ಬೀದಿ ಬದಿಯ ಇಸ್ತ್ರಿ ಅಂಗಡಿಯಲ್ಲ, ದೊಡ್ಡ ಹೋಟೆಲುಗಳ ಚಾದರ, ಟವೆಲು, ಮೇಜಿನ ಬಟ್ಟೆ ರಾಶಿ ರಾಶಿಯಾಗಿ ಬಂದು ಬೀಳುವ ಜಾಗ. ಆಳೆತ್ತರದ ಮಷಿನ್ನಿನ ಬಾಯಿ ತೆಗೆದರೆ ನೀರು ಕುಡಿದ ಚಾದರಗಳು ಒಂದಕ್ಕೊಂದು ಹೆಣೆದುಕೊಂಡು ಕೂತಿರುತ್ತವೆ. ಅವನ್ನು ಎಳೆದು, ತಬ್ಬಿ, ಎತ್ತಿ ತಳ್ಳುಗಾಡಿಗೆ ಹಾಕಬೇಕು. ಒಣ ಚಾದರ ಎತ್ತಿದರೆ ಮಗು ಎತ್ತಿದ ಹಾಗೆ, ಒದ್ದೆ ಚಾದರ ಎತ್ತಿದರೆ ಹೆಣ ಎತ್ತಿದ ಹಾಗೆ ಅನ್ನುವುದು ಅಲ್ಲಿನ ಮಾತು.

ಅಲ್ಲಿನ ಹೆಂಗಸರೆಲ್ಲ ಹಳೆಯ ಚಾದರ ಹರಿದು ಹೊಟ್ಟೆಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಾರೆ. ಅದಕ್ಕೆ ಬೆಲ್ಟು ಅಂತ ಹೆಸರು. ಉಸಿರು ಕಟ್ಟಿ, ಹಲ್ಲು ಕಚ್ಚಿ, ಒಂದೇ ಸಲಕ್ಕೆ ಎತ್ತಬೇಕು, ಆಗ ಸೊಂಟ ಉಳುಕುವುದಿಲ್ಲ ಅಂತ ಹೊಸಬರಿಗೆ ಹಳಬರು ಹೇಳಿಕೊಡುತ್ತಾರೆ. ಹಾಗೆ ಎತ್ತಿ ಎತ್ತಿ ಎಷ್ಟು ಜನಕ್ಕೆ ಕೆಳಗೆ ಜಾರಿದೆ ಅನ್ನುವುದನ್ನು ಯಾರೂ ಎಣಿಸಿಲ್ಲ. ಗರ್ಭಕೋಶ ಜಾರಿದೆ ಅಂತ ಯಾರೂ ಅನ್ನುವುದೂ ಇಲ್ಲ. "ಬೆಲ್ಟು ಸಡಿಲ ಆಗಿದೆ" ಅಂದರೆ ಅಷ್ಟೇ, ಅರ್ಥವಾಗುತ್ತದೆ.

ಒಂದು ದಿನ ಪುಟ್ಟಿ ಮಷಿನ್ನಿನ ಬಾಗಿಲು ಹಿಡಿದು ನಿಂತುಬಿಟ್ಟಳು. ಪುಟ್ಟಿ ಅಂದರೆ ದೊಡ್ಡಕ್ಕನ ಒಡಹುಟ್ಟಿದ ತಂಗಿ. ಮೂರು ಮಕ್ಕಳ ತಾಯಿಯಾದರೂ ಹೆಸರು ಪುಟ್ಟಿಯೇ. ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ದೊಡ್ಡಕ್ಕ.

"ಏನೇ, ಮುಖ ಯಾಕೆ ಹಾಗೆ?"

"ಏನಿಲ್ಲಕ್ಕ. ಬೆಲ್ಟು ಸಡಿಲ."

"ಹೊಟ್ಟೆ ಮೇಲಿನದ್ದಾ, ಒಳಗಿನದ್ದಾ?"

"ಎರಡೂ," ಅಂದು ಪುಟ್ಟಿ ನಕ್ಕಳು. ನಗುವಾಗಲೂ ತೊಡೆ ಒತ್ತಿ ಹಿಡಿದಿದ್ದಳು.

ಊಟದ ಹೊತ್ತಿಗೆ ಇಬ್ಬರೂ ಒಣಗಿಸುವ ಮಷಿನ್ನಿನ ಹಿಂದೆ, ಬೆಚ್ಚಗಿನ ಚಾದರದ ಮೂಟೆಗೆ ಒರಗಿ ಕೂತರು. ಪುಟ್ಟಿ ಡಬ್ಬಿ ಮುಚ್ಚಳ ತೆಗೆಯುತ್ತಾ ಹೇಳಿದಳು. ಆಸ್ಪತ್ರೆಯಲ್ಲಿ ನೋಡಿದ್ದಾರೆ, ಗರ್ಭಕೋಶ ಕೆಳಗೆ ಇಳಿದಿದೆಯಂತೆ, ಮೂತ್ರದ ಚೀಲವೂ ಜೊತೆಗೆ ಜೋತುಬಿದ್ದಿದೆಯಂತೆ. ಸೋಮವಾರ ದೊಡ್ಡ ಡಾಕ್ಟ್ರಮ್ಮ ಕೂತು ಮಾತಾಡಿ, ಹೇಗೆ ಮಾಡಬೇಕು ಅಂತ ತೀರ್ಮಾನ ಮಾಡ್ತಾರಂತೆ.

"ಯಾರು ಬರ್ತಾರೆ ಜೊತೆಗೆ?"

"ಅತ್ತೆ. ಇನ್ಯಾರು? ಅವರು ಒಳಗೂ ಬರ್ತಾರೆ, ನನ್ನ ಬದಲು ಅವರೇ ಮಾತಾಡ್ತಾರೆ. ನಾನು ಗೊಂಬೆ ಥರ ಕೂತಿದ್ರೆ ಆಯ್ತು."

ದೊಡ್ಡಕ್ಕ ತುತ್ತು ಕೈಯಲ್ಲೇ ಹಿಡಿದುಕೊಂಡಳು.

"ನಂಗೇನೂ ಭಯ ಇಲ್ಲಕ್ಕ. ನಿನ್ನ ನೋಡಿದೀನಲ್ಲ. ಮಾಡಿಸಿಕೊಂಡ ಮೇಲೆ ಗುಂಡುಕಲ್ಲಿನ ಹಾಗಿದೀಯ. ಇಲ್ಲಿ ಯಾರೇ ಹೆದರಿದ್ರೂ ದೊಡ್ಡಕ್ಕನ್ನ ನೋಡು ಅಂತೀವಿ." ಪುಟ್ಟಿ ದನಿ ತಗ್ಗಿಸಿದಳು. "ನಮ್ಮನೆಯವರದ್ದು ಒಂದೇ ತಮಾಷೆ. ಎಲ್ಲ ಮೇಲಕ್ಕೆ ಕಟ್ಟಿಸಿಕೊಂಡು ಬಾ, ಇನ್ನೊಂದು ಸಲ ಮದುವೆ ಆಗೋಣ ಅಂತಾರೆ. ಮಾನ ಇಲ್ಲ ಆ ಮನುಷ್ಯನಿಗೆ."

ದೊಡ್ಡಕ್ಕ ನಗಬೇಕಾಗಿತ್ತು. ನಗಲಿಲ್ಲ. ಡಬ್ಬಿ ಮುಚ್ಚಿ ಎದ್ದುಹೋದಳು.

ಮಧ್ಯಾಹ್ನವೆಲ್ಲ ಅವಳು ಚಾದರ ಮಡಿಸುತ್ತಿದ್ದಳು. ಕೈ ಅದರಷ್ಟಕ್ಕೆ ಮಡಿಸುತ್ತಿತ್ತು. ಕಣ್ಣ ಮುಂದೆ ನಾಲ್ಕು ವರ್ಷದ ಹಿಂದಿನ ಆ ಕೋಣೆ ನಿಂತಿತ್ತು.

ಅವತ್ತು ಗಂಡನಿಗೆ ಅರ್ಜೆಂಟಿನ ಕೆಲಸ, ಬರಲಾಗಲಿಲ್ಲ. ಕರೆದುಕೊಂಡು ಹೋಗಿದ್ದವನು ಮಗ. ಮೀಸೆ ಬಂದ ಮಗ. ಪರೀಕ್ಷೆಯ ಕಾಗದವನ್ನೆಲ್ಲ ಚೀಲದಲ್ಲಿ ಹಿಡಿದು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಡಾಕ್ಟರಿಗೆ ಆಗ ಪುರುಸೊತ್ತಿರಲಿಲ್ಲ, ಹೊರಗೆ ಬೆಂಚು ತುಂಬಿತ್ತು. ತಲೆ ಎತ್ತದೆ ಒಂದೊಂದಾಗಿ ಕೇಳುತ್ತಾ ಬಂದರು. ಎಷ್ಟು ಹೆರಿಗೆ? ಮುಟ್ಟು ನಿಂತಿದೆಯಾ? ಸಕ್ಕರೆ ಕಾಯಿಲೆ ಇದೆಯಾ? ಕೊನೆಗೆ ಅದೇ ದನಿಯಲ್ಲಿ ಕೇಳಿದರು: "ಗಂಡ-ಹೆಂಡತಿ ಸೇರೋದು ಇದೆಯಾ?"

ಮಗ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ. ಅವನ ಕಿವಿ ಕೆಂಪಾಗಿದ್ದು ಅವಳಿಗೆ ಕಂಡಿತು.

"ಅಯ್ಯೋ, ಇಲ್ಲ ಸರ್. ಅದೆಲ್ಲ ಯಾವತ್ತೋ ಮುಗೀತು. ವಯಸ್ಸಾಯ್ತಲ್ಲ" ಅಂದಿದ್ದಳು ಅವಳು.

ಅದು ಸುಳ್ಳು. ಮುಗಿದಿರಲಿಲ್ಲ. ಕೆಳಗೆ ಜೋತುಬಿದ್ದ ಮಾಂಸ ಕೈಗೆ ಸಿಗುತ್ತಿದ್ದಾಗಲೂ, ನಾಚಿಕೆಯಿಂದ ಸತ್ತುಹೋಗುವ ಹಾಗಾಗುತ್ತಿದ್ದಾಗಲೂ ಅವರಿಬ್ಬರ ನಡುವೆ ಅದು ಉಳಿದಿತ್ತು. ಗಾಜಿನ ಕೆಲಸದವನ ಕೈ ಒರಟು, ಆದರೆ ಮೆಲ್ಲಗೆ ಹಿಡಿಯುವುದು ಆ ಕೈಗೆ ಗೊತ್ತು. ಇದನ್ನೆಲ್ಲ ಹೆತ್ತ ಮಗನ ಮುಂದೆ ಯಾವ ತಾಯಿ ಹೇಳುತ್ತಾಳೆ?

ಡಾಕ್ಟರು "ಸರಿ ಹಾಗಾದ್ರೆ, ಚೆನ್ನಾಗಿ ಬಿಗಿ ಮಾಡಿಬಿಡೋಣ, ಮತ್ತೆ ಜಾರೋದು ಬೇಡ" ಅಂದರು. ಅವಳು ಹೂಂ ಅಂದಳು. ಬಿಗಿ ಅಂದರೆ ಒಳ್ಳೆಯದೇ ಅಂತ ತಿಳಿದುಕೊಂಡಳು. ಲಾಂಡ್ರಿಯವಳಲ್ಲವೇ, ಬೆಲ್ಟು ಬಿಗಿಯಾದಷ್ಟೂ ಕ್ಷೇಮ ಅಂತ ನಂಬಿದವಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಜಾರುವುದು ನಿಂತಿತು. ಕೆಮ್ಮಿದರೆ ಸೀನಿದರೆ ಮೂತ್ರ ಹೋಗುವುದು ನಿಂತಿತು. ಮೆಟ್ಟಿಲು ಹತ್ತಿದಳು, ಬಸ್ಸಿಗೆ ಓಡಿದಳು. ಗಾಯ ಮಾಗಿದ ಮೇಲೆ ಗಂಡ ಹತ್ತಿರ ಬಂದ. ಚೂರಿ ಹಾಕಿದ ಹಾಗಾಯಿತು. ಹೊಸದರಲ್ಲಿ ಹೀಗೇ ಇರಬೇಕು ಅಂತ ಸುಮ್ಮನಾದಳು. ಎರಡನೇ ಸಲವೂ ಹಾಗೇ. ಮೂರನೇ ಸಲ ದಿಂಬು ಕಚ್ಚಿಕೊಂಡಳು. ಅದಾದ ಮೇಲೆ ಒಂದು ದಿನ ಅವನು ತನ್ನ ಹಾಸಿಗೆ ಸುತ್ತಿಕೊಂಡು ಅಂಗಡಿಯ ಅಟ್ಟಕ್ಕೆ ಹೋದ. "ಅಲ್ಲಿ ಸಾಮಾನು ಕಳವಾಗ್ತಿದೆ, ಯಾರಾದ್ರೂ ಮಲಗಬೇಕು" ಅಂದ. ಗಾಜಿನ ಹಾಳೆ ಕದ್ದು ಹೊತ್ತೊಯ್ಯುವ ಕಳ್ಳ ಎಲ್ಲಿದ್ದಾನೆ? ಅವಳು ಕೇಳಲಿಲ್ಲ. ತನ್ನಲ್ಲಿ ಇನ್ನು ಏನೂ ಉಳಿದಿಲ್ಲ, ಅದಕ್ಕೇ ಹೋದ ಅಂದುಕೊಂಡಳು.

ಮತ್ತೆ ತೋರಿಸಲು ಆಸ್ಪತ್ರೆಗೆ ಹೋದಾಗಲೂ ಮಗನೇ ಜೊತೆಗಿದ್ದ. "ಎಲ್ಲ ಆರಾಮಾ?" ಅಂತ ಕೇಳಿದರು. "ಆರಾಮು" ಅಂದು ಬಂದಳು. ಅವತ್ತಿನಿಂದ ಲಾಂಡ್ರಿಯಲ್ಲಿ ಯಾರು ಕೇಳಿದರೂ ಅದೇ ಮಾತು. ಆರಾಮು. ಅವಳ ಆ ಮಾತು ನಂಬಿ ಎಷ್ಟು ಜನ ಏನನ್ನೂ ಕೇಳದೆ ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದರೋ.

ಈಗ ಪುಟ್ಟಿಯ ಸರದಿ.

ಕೆಲಸ ಬಿಟ್ಟವಳೇ ದೊಡ್ಡಕ್ಕ ತಂಗಿಯ ಮನೆಗೆ ಹೋದಳು. ಪುಟ್ಟಿಯ ಅತ್ತೆ ಬಾಗಿಲ ಬೆಳಕಿಗೆ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಗಾರ್ಮೆಂಟ್ಸಿನವರು ಮೂಟೆಗಟ್ಟಲೆ ಅಂಗಿ ಕೊಟ್ಟುಹೋಗುತ್ತಾರೆ, ಗುಂಡಿಗೆ ಇಷ್ಟು ಅಂತ ಲೆಕ್ಕ. ಮುದುಕಿಯ ಕಣ್ಣು ಮಂಜು, ನಾಲಿಗೆ ಮಾತ್ರ ಸೂಜಿಗಿಂತ ಚೂಪು.

"ಬಾ ತಾಯಿ. ತಂಗೀನ ಆಪರೇಷನ್ನಿಗೆ ಮುಂಚೆ ಒಂದು ಸಲ ನೋಡ್ಕೊಂಡು ಹೋಗೋಣ ಅಂತ ಬಂದೆಯಾ?"

"ನಿಮ್ಮನ್ನೇ ನೋಡೋಣ ಅಂತ ಬಂದೆ ಅಮ್ಮಾ. ಸೋಮವಾರ ಡಾಕ್ಟ್ರಮ್ಮ ಒಂದು ಮಾತು ಕೇಳ್ತಾರೆ. ಗಂಡ-ಹೆಂಡತಿ ಸೇರೋದು ಇದೆಯಾ ಅಂತ. ಏನು ಹೇಳ್ತೀರಿ?"

ಒಳಗೆ ಪಾತ್ರೆ ತೊಳೆಯುತ್ತಿದ್ದ ಪುಟ್ಟಿಯ ಕೈ ನಿಂತಿತು.

"ಇದೆಂಥ ಮಾತೇ ಸಂಜೆ ಹೊತ್ತಲ್ಲಿ," ಅಂದಳು ಅತ್ತೆ. "ಏನು ಹೇಳೋದು? ಮೂರು ಹೆತ್ತಾಯ್ತು, ಅದೆಲ್ಲ ಇಲ್ಲ ಅಂತೀನಿ. ಹತ್ತು ಜನ ಓಡಾಡೋ ಜಾಗ ಅದು. ಸೊಸೆ ಮಾನ ಕಾಪಾಡೋದು ನನ್ನ ಕೆಲಸ."

"ಹಾಗಂದ್ರೆ ಕೆಡ್ತು."

"ಏನು ಕೆಡ್ತು? ನಾಚಿಕೆ ಬಿಟ್ಟವರು ಊರಿಗೆ ದೊಡ್ಡವರು ಅಂತಾರೆ. ನಿನ್ನನ್ನ ದೊಡ್ಡಕ್ಕ ಅಂತ ಸುಮ್ನೆ ಕರೆಯಲ್ಲ ನೋಡು."

ದೊಡ್ಡಕ್ಕ ಹೊಸಿಲ ಮೇಲೆ ಕೂತಳು. ಮಕ್ಕಳು ಬೀದಿಯಲ್ಲಿದ್ದಾರಾ ಅಂತ ನೋಡಿಕೊಂಡಳು. ಆಮೇಲೆ ಹೇಳಿದಳು. ಮಗನ ಮುಂದೆ ಏನು ಕೇಳಿದರು, ತಾನು ಏನು ಹೇಳಿದಳು, ಡಾಕ್ಟರು ಏನು ಮಾಡಿದರು. ದಿಂಬು ಕಚ್ಚಿದ್ದು ಹೇಳಿದಳು. ಅಂಗಡಿಯ ಅಟ್ಟದ ವಿಷಯ ಹೇಳಿದಳು. ಅಳಲಿಲ್ಲ. ಬೇರೆಯವರ ಮನೆಯ ಸುದ್ದಿ ಹೇಳುವ ಹಾಗೆ ಹೇಳಿ ಮುಗಿಸಿದಳು.

ಪುಟ್ಟಿ ಸೋಪಿನ ಕೈಯಲ್ಲೇ ಬಂದು ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು.

"ಅಕ್ಕ, ಮತ್ತೆ ಯಾಕೆ ಆರಾಮು ಆರಾಮು ಅಂತಿದ್ದೆ?"

"ನೀವೆಲ್ಲ ಕೇಳ್ತಿದ್ದದ್ದು ಮೂಟೆ ಎತ್ತೋಕೆ ಆಗುತ್ತಾ ಅಂತ. ಮೂಟೆ ಎತ್ತೋಕೆ ಆಗುತ್ತೆ."

ಅತ್ತೆ ದಾರ ಕಚ್ಚಿ ಕತ್ತರಿಸಿದಳು. ಇನ್ನೊಂದು ಗುಂಡಿ ತೆಗೆದುಕೊಂಡಳು. ಅದು ಕೈಯಿಂದ ಜಾರಿ ಉರುಳಿತು, ಹುಡುಕಲು ಹೋಗಲಿಲ್ಲ.

"ಇಷ್ಟಕ್ಕೆಲ್ಲ ಯಾಕೆ ಆಸ್ಪತ್ರೆ? ನಮ್ಮ ಕಾಲದಲ್ಲಿ ಯಾರು ಮಾಡಿಸ್ತಿದ್ರು? ನನ್ನದು..." ಅಂತ ಶುರು ಮಾಡಿ ನಿಲ್ಲಿಸಿದಳು. ಸೊಸೆಯ ಕಡೆ ನೋಡಲಿಲ್ಲ. ಮಡಿಲಲ್ಲಿದ್ದ ಅಂಗಿಯ ತೋಳು ಸವರುತ್ತಾ ಹೇಳಿದಳು: "ನನ್ನದು ಕಿರಿಯವನು ಹುಟ್ಟಿದಾಗಿನಿಂದ ಹೊರಗೇ ಇದೆ. ಬಟ್ಟೆ ಉಂಡೆ ಮಾಡಿ ಇಟ್ಕೊಂಡು ಓಡಾಡ್ತೀನಿ. ಮನೆಯವರಿಗೂ ಹೇಳಿರಲಿಲ್ಲ. ಅವರು ಹತ್ತಿರ ಬಂದಾಗೆಲ್ಲ ಏನಾದ್ರೂ ಒಂದು ಜಗಳ ತೆಗೀತಿದ್ದೆ. ಅನ್ನ ಬೆಂದಿಲ್ಲ ಅಂತ, ಚಿಲ್ಲರೆ ಎಲ್ಲಿ ಅಂತ. ಜಗಳಗಂಟಿ ಸಿಕ್ಕಳು ಅಂತ ಕೊರಗಿಕೊಂಡೇ ಹೋದ್ರು ಪುಣ್ಯಾತ್ಮ."

ಬೀದಿಯಲ್ಲಿ ಮಕ್ಕಳು ಚೆಂಡಿಗಾಗಿ ಕಿತ್ತಾಡುವುದು ಕೇಳುತ್ತಿತ್ತು.

ಕೊನೆಗೆ ಅತ್ತೆ ಮೂಗು ಒರೆಸಿಕೊಂಡಳು. "ಸೋಮವಾರ ನಾನು ಬರ್ತೀನಿ. ಹೊರಗೆ ಬೆಂಚಿನ ಮೇಲೆ ಕೂರ್ತೀನಿ. ಒಳಗೆ ಅವಳ ಜೊತೆ ನೀನು ಹೋಗು. ಏನು ಬೇಕೋ ಅದನ್ನ ಕೇಳ್ಕೊಳ್ಳಿ. ನನಗೆ ಹೇಳೋದು ಬೇಡ, ನನಗೆ ಕೇಳೋಕಾಗಲ್ಲ."

ಸೋಮವಾರ ಡಾಕ್ಟ್ರಮ್ಮ ಮೊದಲು ಮಾಡಿದ ಕೆಲಸ ಬಾಗಿಲು ಹಾಕಿಸಿದ್ದು. "ಜೊತೆಯಲ್ಲಿ ಯಾರಾದ್ರೂ ಇರಬೇಕಾ, ಒಬ್ಬಳೇ ಮಾತಾಡ್ತೀಯಾ?" ಅಂತ ಪುಟ್ಟಿಯನ್ನೇ ಕೇಳಿದರು. "ಅಕ್ಕ ಇರಲಿ" ಅಂದಳು ಪುಟ್ಟಿ. ಆಮೇಲೆ ಆ ಪ್ರಶ್ನೆ ಬಂತು. ಪುಟ್ಟಿ ಅಕ್ಕನ ಕೈ ಹಿಡಿದುಕೊಂಡಳು, ಉಗುರು ನಾಟುವಷ್ಟು.

"ಇದೆ ಮೇಡಂ. ಮುಂದೆಯೂ ಇರಬೇಕು."

"ಒಳ್ಳೇದಾಯ್ತು ಹೇಳಿದ್ದು," ಅಂದರು ಡಾಕ್ಟ್ರಮ್ಮ. "ಅದರ ಮೇಲೆ ನಾನು ಆಪರೇಷನ್ ಹೇಗೆ ಮಾಡ್ಬೇಕು ಅನ್ನೋದು ಬದಲಾಗುತ್ತೆ."

ಅವರು ಕಾಗದದ ಹಿಂದೆ ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿದರು. ಕಿಬ್ಬೊಟ್ಟೆಯ ತಳದಲ್ಲಿ ಜೋಲಿಯ ಹಾಗೆ ಸ್ನಾಯುಗಳಿವೆ. ಹೆರಿಗೆ, ಭಾರ, ಮಲಬದ್ಧತೆ, ವಯಸ್ಸು ಇವುಗಳಿಂದ ಆ ಜೋಲಿ ಸಡಿಲವಾಗುತ್ತದೆ. ಆಗ ಗರ್ಭಕೋಶ, ಮೂತ್ರದ ಚೀಲ, ಕೆಲವರಿಗೆ ಯೋನಿಯ ಹಿಂದಿನ ಗೋಡೆ, ಕೆಳಗೆ ಜಾರುತ್ತವೆ.

"ಆಪರೇಷನ್ ಆದ್ಮೇಲೆ ಸೇರೋದು ಹೋಗಿಬಿಡುತ್ತಾ ಮೇಡಂ? ನಮ್ಮ ಲಾಂಡ್ರೀಲಿ ಎಲ್ಲ ಹಾಗೇ ಅಂತಾರೆ."

"ಇಲ್ಲಮ್ಮ. ಹೆಚ್ಚಿನವರಿಗೆ ಮೊದಲಿನ ಹಾಗೇ ಇರುತ್ತೆ. ಬಹಳ ಜನಕ್ಕೆ ಸುಧಾರಿಸುತ್ತೆ ಕೂಡ. ಆ ಗೆಡ್ಡೆ ಥರ ಜೋತುಬಿದ್ದಿರೋದು ಹೋಗುತ್ತಲ್ಲ, ಮನಸ್ಸಿಗೆ ಹಗುರ ಆಗುತ್ತೆ. ಆದ್ರೆ ಎಲ್ಲರಿಗೂ ಹಾಗೇ ಅಂತ ನಾನು ಸುಳ್ಳು ಹೇಳಲ್ಲ. ಕೆಲವರಿಗೆ ಮೊದಲು ಇಲ್ಲದ ನೋವು ಹೊಸದಾಗಿ ಶುರುವಾಗುತ್ತೆ. ಹಿಂದಿನ ಗೋಡೆಯನ್ನ ಜಾಸ್ತಿ ಬಿಗಿ ಮಾಡಿದ್ರೆ, ಒಳಗೆ ಗಾಯದ ಕಲೆ ಗಟ್ಟಿ ಕಟ್ಟಿದ್ರೆ, ಯೋನಿಯ ಗೋಡೆಗೆ ಆಧಾರವಾಗಿ ಪ್ಲಾಸ್ಟಿಕ್ ಬಲೆ ಇಟ್ಟು ಮಾಡಿದಾಗ ಆ ಬಲೆ ತೊಂದರೆ ಕೊಟ್ರೆ. ಮುಟ್ಟು ನಿಂತವರಿಗೆ ಒಳಗೆ ಒಣಗಿಯೂ ನೋವಾಗುತ್ತೆ. ಅದಕ್ಕೇ ಮೊದಲೇ ಕೇಳೋದು."

"ಗರ್ಭಕೋಶ ತೆಗೆದ್ರೆ ಆಸೆ ಹೋಗುತ್ತಂತೆ?"

"ಗರ್ಭಕೋಶ ತೆಗೆದ ಮಾತ್ರಕ್ಕೆ ಆಸೆ ಹೋಗಲ್ಲ. ಅದೂ ಅಲ್ದೆ, ತೆಗೀಲೇಬೇಕು ಅಂತೇನಿಲ್ಲ. ನಿನಗೆ ಮೇಲಕ್ಕೆ ಎತ್ತಿ ಕಟ್ಟೋಕೂ ಆಗುತ್ತೆ. ಈಗಲೇ ಬೇಡ ಅನ್ನಿಸಿದ್ರೆ ಒಳಗೆ ರಬ್ಬರಿನ ಥರ ಒಂದು ರಿಂಗ್ ಇಡಬಹುದು, ಸ್ನಾಯುಗಳಿಗೆ ವ್ಯಾಯಾಮ ಹೇಳಿಕೊಡ್ತಾರೆ. ಯಾವುದರಲ್ಲಿ ಏನು ಸಿಗುತ್ತೆ, ಏನು ಹೋಗಬಹುದು, ಎಲ್ಲ ಹೇಳ್ತೀನಿ. ಮೈ ನಿಂದು, ತೀರ್ಮಾನ ನೀನು ಮಾಡು. ಅವಸರ ಇಲ್ಲ." ಆಮೇಲೆ ಅವಳ ಹೊಟ್ಟೆಯ ಕಡೆ ಬೆರಳು ತೋರಿಸಿದರು. "ಇದೇನು ಸುತ್ತಿಕೊಂಡಿರೋದು?"

"ಬೆಲ್ಟು ಮೇಡಂ. ಭಾರ ಎತ್ತುವಾಗ ಬಿಗಿ ಹಿಡಿಯೋಕೆ."

"ಟೂತ್‌ಪೇಸ್ಟ್ ಟ್ಯೂಬನ್ನ ನಡುವೆ ಹಿಂಡಿದ್ರೆ ಪೇಸ್ಟ್ ಎಲ್ಲಿಂದ ಬರುತ್ತೆ? ಹೊಟ್ಟೆ ಬಿಗಿದು, ಉಸಿರು ಕಟ್ಟಿ ಎತ್ತಿದ್ರೆ ಒತ್ತಡ ಎಲ್ಲ ಕೆಳಕ್ಕೇ. ಉಸಿರು ಬಿಡ್ತಾ ಎತ್ತಬೇಕು. ಭಾರ ಜಾಸ್ತಿ ಇದ್ರೆ ಇಬ್ಬರು ಹಿಡೀಬೇಕು."

ಪುಟ್ಟಿ ಅಲ್ಲೇ ಬೆಲ್ಟು ಬಿಚ್ಚಿ ಚೀಲಕ್ಕೆ ತುರುಕಿದಳು. ಎದ್ದು ಹೊರಡುವಾಗ ದೊಡ್ಡಕ್ಕ ಏಳಲಿಲ್ಲ.

"ಮೇಡಂ, ನನ್ನನ್ನೂ ಒಂದು ಸಲ ನೋಡ್ತೀರಾ?"

ನೋಡಿದರು. ಬಹಳ ಹೊತ್ತು ಮೆಲ್ಲಗೆ, ಏನು ಮಾಡುತ್ತಿದ್ದೇನೆ ಅಂತ ಹೇಳಿ ಹೇಳಿ ನೋಡಿದರು. ಕೈ ತೊಳೆದುಕೊಂಡು ಬಂದು ಎದುರಿಗೆ ಕೂತರು.

"ಆಪರೇಷನ್ ಗಟ್ಟಿಯಾಗಿದೆ. ಆದ್ರೆ ದಾರಿ ತುಂಬ ಕಿರಿದಾಗಿದೆ, ಕಲೆ ಗಟ್ಟಿ ಕಟ್ಟಿದೆ. ಮುಲಾಮು ಕೊಡ್ತೀನಿ, ಸ್ನಾಯು ಸಡಿಲ ಮಾಡೋ ವ್ಯಾಯಾಮ ಇದೆ, ಮೆಲ್ಲಗೆ ಹಿಗ್ಗಿಸೋ ಸಾಧನ ಇದೆ. ಶುರುವಿಗೇ ಬಂದಿದ್ರೆ ಇನ್ನೂ ಸುಲಭ ಆಗ್ತಿತ್ತು. ಈಗಲೂ ಪ್ರಯತ್ನ ಮಾಡೋಣ. ನೋವು ಕಡಿಮೆ ಆಗಬಹುದು. ಪೂರ್ತಿ ಮೊದಲಿನ ಹಾಗೆ ಆಗುತ್ತೆ ಅಂತ ಮಾತು ಕೊಡೋಕೆ ನನ್ನಿಂದ ಆಗಲ್ಲ."

"ಆಪರೇಷನ್ನಿಗೆ ಮುಂಚೆ ಇದೇ ಪ್ರಶ್ನೆ ಕೇಳಿದಾಗ ಮಗ ಪಕ್ಕದಲ್ಲಿದ್ದ, ಇಲ್ಲ ಅಂದುಬಿಟ್ಟೆ ಮೇಡಂ. ಅವತ್ತು ನಿಜ ಹೇಳಿದ್ದಿದ್ರೆ?"

ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟರು. "ಇಷ್ಟು ಬಿಗಿ ಮಾಡ್ತಿರಲಿಲ್ಲ ಅನ್ನಿಸುತ್ತೆ. ಆದ್ರೂ ನೋವು ಬರ್ತಿತ್ತೋ ಇಲ್ವೋ, ಖಂಡಿತ ಹೇಳೋಕಾಗಲ್ಲ. ಒಂದು ಮಾತಂತೂ ಸತ್ಯ. ಕೇಳುವಾಗ ನಿಮ್ಮ ಮಗನ್ನ ಹೊರಗೆ ಕಳಿಸಬೇಕಾಗಿದ್ದು ಆ ಡಾಕ್ಟರ ಕೆಲಸ. ಆ ತಪ್ಪು ನಿಮ್ಮದಲ್ಲ."

ಹೊರಗೆ ಬೆಂಚಿನ ಮೇಲೆ ಪುಟ್ಟಿಯ ಅತ್ತೆ ಕೂತೇ ಇದ್ದಳು. ದೊಡ್ಡಕ್ಕನ ಮುಖ ನೋಡಿ, ತನ್ನ ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿ, "ಕೂತ್ಕೋ" ಅಂದಳು.

ಮರುದಿನ ದೊಡ್ಡಕ್ಕ ಗಂಡನಿಗೆ ಊಟದ ಡಬ್ಬಿ ತೆಗೆದುಕೊಂಡು ಅಂಗಡಿಗೆ ಹೋದಳು. ಅವನು ಮೇಜಿನ ಮೇಲೆ ಕನ್ನಡಿ ಹಾಳೆ ಹಾಸಿ ಗೆರೆ ಎಳೆಯುತ್ತಿದ್ದ. ಗೆರೆ ಎಳೆಯುವಾಗ ಮಾತಾಡಿಸಬಾರದು ಅನ್ನುವುದು ಮದುವೆಯಾದ ಹೊಸದರಲ್ಲೇ ಕಲಿತ ಪಾಠ. ಕಾದಳು. ಗೆರೆ ಮುಗಿಯಿತು, ಅವನು ಎರಡೂ ಕಡೆ ಹಿಡಿದು ಒತ್ತಿದ, ಹಾಳೆ ಟಕ್ ಅಂತ ಎರಡಾಯಿತು.

"ನಿಮ್ಮ ಹತ್ರ ಒಂದು ವಿಷಯ ಮಾತಾಡ್ಬೇಕು ರೀ."

ಅವನು ಕೈಗವಸು ತೆಗೆದು ಮೇಜಿನ ಮೇಲಿಟ್ಟ. ಅವಳು ಡಾಕ್ಟ್ರಮ್ಮ ಹೇಳಿದ್ದನ್ನೂ, ನಾಲ್ಕು ವರ್ಷದ ಹಿಂದೆ ಮಗ ಕ್ಯಾಲೆಂಡರ್ ನೋಡುತ್ತಾ ಕೂತಾಗ ತಾನು ಹೇಳಿದ ಸುಳ್ಳನ್ನೂ ಹೇಳಿದಳು. ಅವನು ತಲೆ ತಗ್ಗಿಸಿ ಕೇಳಿದ.

"ಮೂರನೇ ಸಲ ನೀನು ದಿಂಬು ಕಚ್ಚಿದ್ದೆ," ಅಂದ. "ನಾನು ನೋಡಿದೆ."

"ನೋಡಿದ್ರೆ ಕೇಳಬಾರದಿತ್ತಾ?"

"ಕೇಳಿದ್ರೆ ನೀನು ನೋವಿಲ್ಲ ಅಂತಿದ್ದೆ. ಆಮೇಲೆ ನಾನು ನಂಬಿದ ಹಾಗೆ ಮಾಡ್ಬೇಕಾಗ್ತಿತ್ತು. ಅದಕ್ಕಿಂತ ಅಟ್ಟವೇ ವಾಸಿ ಅನ್ನಿಸ್ತು."

"ನಾನು ಬೇಡವಾದೆ ಅಂದುಕೊಂಡೆ."

"ಆಪರೇಷನ್ ಆದ ಹೆಂಗಸರು ಹೀಗೇ ಆಗ್ತಾರೆ ಅಂತ ನಾನು ಅಂದುಕೊಂಡೆ." ಅವನು ಗಾಜಿನ ಚೂರೊಂದನ್ನು ಬೆರಳಿಂದ ಪಕ್ಕಕ್ಕೆ ತಳ್ಳಿದ. "ಅವತ್ತು ನಾನೇ ಜೊತೆಗೆ ಬರಬೇಕಾಗಿತ್ತು."

"ಬಂದಿದ್ರೆ ಏನು ಹೇಳ್ತಿದ್ರಿ?"

ಅವನು ಯೋಚನೆ ಮಾಡಿದ. ಈ ಸಲ ಸುಳ್ಳು ಹೇಳಲಿಲ್ಲ. "ನಾನೂ ಕ್ಯಾಲೆಂಡರ್ ನೋಡ್ತಿದ್ದೆನೇನೋ."

ಅವಳಿಗೆ ನಗು ಬಂತು. ನಗುತ್ತಾ ನಗುತ್ತಾ ಅತ್ತಳು. ಅಂಗಡಿಯ ಗೋಡೆಗೆ ಒರಗಿಸಿದ್ದ ಕನ್ನಡಿಗಳಲ್ಲೆಲ್ಲ ಅವಳು ಅಳುತ್ತಿರುವುದು ಕಾಣಿಸಿತು. ಅವನು ಎದ್ದು ಹೋಗಿ ಷಟರ್ ಅರ್ಧ ಇಳಿಸಿ ಬಂದ. ಸಂಜೆ ಅಟ್ಟದಿಂದ ಹಾಸಿಗೆ ಇಳಿಸಿದ. "ಕಳ್ಳರು?" ಅಂತ ಕೇಳಿದಳು. "ಸಿಕ್ಕಿಬಿದ್ರು" ಅಂದ.

ಪುಟ್ಟಿ ಗಂಡನನ್ನೂ ಕರೆದುಕೊಂಡು ಇನ್ನೊಂದು ಸಲ ಡಾಕ್ಟ್ರಮ್ಮನ ಹತ್ತಿರ ಹೋಗಿಬಂದಳು. ಗರ್ಭಕೋಶ ಉಳಿಸಿಕೊಂಡು ಮೇಲೆ ಕಟ್ಟಿಸಿಕೊಳ್ಳುವುದು ಅಂತ ಅವಳೇ ತೀರ್ಮಾನಿಸಿದಳು. ಮುಂದೆ ಮತ್ತೆ ಜಾರುವ ಸಂಭವ ಇದೆ ಅಂತಲೂ ಡಾಕ್ಟ್ರಮ್ಮ ಹೇಳಿದ್ದರು, ತಿಳಿದೇ ಒಪ್ಪಿದಳು. ಗಾಯ ಮಾಗಿದೆ, ಇನ್ನು ಸೇರಬಹುದು ಅಂತ ಅವರು ನೋಡಿ ಹೇಳುವವರೆಗೆ ಗಂಡ ಕಾದ. ಮೊದಲ ಸಲ ಪುಟ್ಟಿಗೆ ಹೆದರಿಕೆಯಾಯಿತು, ಸ್ವಲ್ಪ ನೋವೂ ಆಯಿತು. "ನೋವಾಗ್ತಿದೆ, ನಿಲ್ಲಿಸಿ" ಅಂದಳು. ಅವನು ನಿಲ್ಲಿಸಿದ. ಆಸ್ಪತ್ರೆಗೆ ಹೋಗಿ ಹೇಳಿದಳು, ಮುಲಾಮು ಕೊಟ್ಟರು, ನೋವು ಹೋಯಿತು. ಬಾಯಿ ಬಿಟ್ಟು ಹೇಳಿದ ಒಂದು ಮಾತಿನಿಂದ ಅಷ್ಟು ಕೆಲಸ ಆಯಿತು. ಅವಳ ಅತ್ತೆ ರಿಂಗ್ ಹಾಕಿಸಿಕೊಂಡಳು. ಈಗ ಬಟ್ಟೆಯ ಉಂಡೆ ಬೇಕಿಲ್ಲ. "ಇದೊಂದು ಇಷ್ಟು ಸುಲಭ ಅಂತ ಆಗಲೇ ಗೊತ್ತಿದ್ದಿದ್ರೆ, ಪಾಪ, ಆ ಮನುಷ್ಯನ ಜೊತೆ ಅಷ್ಟು ಜಗಳ ಆಡ್ತಿರಲಿಲ್ಲ" ಅಂತ ಗುಂಡಿ ಹೊಲಿಯುತ್ತಾ ಒಂದೊಂದು ಸಲ ಅನ್ನುತ್ತಾಳೆ. ಯಾರಿಗೂ ಹೇಳಿದ್ದಲ್ಲ, ಸೂಜಿಗೆ ಹೇಳಿದ್ದು.

ಲಾಂಡ್ರಿಯಲ್ಲಿ ಬೆಲ್ಟು ಬಿಟ್ಟಿದ್ದಾರೆ. ಒದ್ದೆ ಮೂಟೆ ಎತ್ತುವಾಗ ಇಬ್ಬರು ಹಿಡಿಯುತ್ತಾರೆ, ಒಬ್ಬಳು "ಬಿಡು ಉಸಿರು" ಅನ್ನುತ್ತಾಳೆ. ಯಾರಾದರೂ ಆಪರೇಷನ್ನಿಗೆ ಹೊರಟರೆ ದೊಡ್ಡಕ್ಕ ಒಣಗಿಸುವ ಮಷಿನ್ನಿನ ಹಿಂದೆ ಕರೆದು ಕೂರಿಸುತ್ತಾಳೆ. ಈಗ ಆರಾಮು ಅನ್ನುವುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳುತ್ತಾಳೆ.

ಇದನ್ನು ಓದುವ, ಕೇಳುವ ತಾಯಂದಿರೇ, ಅಕ್ಕ ತಂಗಿಯರೇ, ನಿಮಗೂ ಕೆಳಗೆ ಜಾರಿದ ಹಾಗೆ, ಏನೋ ಅಡ್ಡ ಬಂದ ಹಾಗೆ ಅನ್ನಿಸಿದರೆ ಬಟ್ಟೆ ಸುತ್ತಿಕೊಂಡು ಮುಚ್ಚಿಡಬೇಡಿ, ತೋರಿಸಿ. ಆಪರೇಷನ್ ಅಂದರೆ ಹೆದರಬೇಡಿ, ಆದರೆ ಕೇಳದೆ ಮಲಗಬೇಡಿ. ನನಗೆ ಯಾವ ಥರ ಮಾಡುತ್ತೀರಿ, ಆಮೇಲೆ ಗಂಡ-ಹೆಂಡತಿ ಸಂಬಂಧಕ್ಕೆ ಏನಾಗುತ್ತದೆ, ಬೇರೆ ದಾರಿ ಇದೆಯಾ, ಎಷ್ಟು ವಾರ ಕಾಯಬೇಕು ಅಂತ ಬಾಯಿಬಿಟ್ಟು ಕೇಳಿ. ಡಾಕ್ಟರು ನಿಮ್ಮನ್ನು ಆ ಪ್ರಶ್ನೆ ಕೇಳುವಾಗ ಪಕ್ಕದಲ್ಲಿ ಮಗನೋ ಅತ್ತೆಯೋ ಇದ್ದರೆ, "ಇವರು ಸ್ವಲ್ಪ ಹೊರಗಿರಲಿ" ಅನ್ನಿ. ಅಷ್ಟು ಹೇಳುವ ಹಕ್ಕು ನಿಮಗಿದೆ. ಡಾಕ್ಟರು ಕೇಳದಿದ್ದರೆ ನೀವೇ ಹೇಳಿ. ಆಪರೇಷನ್ ಆಗಿ ನೋವು ಉಳಿದಿದ್ದರೆ ಇದು ಹೀಗೇ ಅಂತ ಕೂರಬೇಡಿ, ಬೇಗ ಹೋಗಿ. ಗಂಡಂದಿರೇ, ಹೆಂಡತಿ ಸುಮ್ಮನಿದ್ದರೆ ಅಟ್ಟ ಹತ್ತಬೇಡಿ. ಪಕ್ಕದಲ್ಲಿ ಕೂತು ಕೇಳಿ.

ದೊಡ್ಡಕ್ಕನ ಲೆಕ್ಕ ಇಷ್ಟು. ಜಾರುವುದು ನಿಂತಿತು, ಕೆಲಸ ಉಳಿಯಿತು, ತಂಗಿಯ ಸಂಸಾರ ಉಳಿಯಿತು. ಗಂಡನ ಹಾಸಿಗೆ ಅವಳ ಪಕ್ಕಕ್ಕೆ ಬಂತು. ಮುಲಾಮು, ವ್ಯಾಯಾಮದಿಂದ ನೋವು ಅರ್ಧ ಹೋಯಿತು. ಉಳಿದರ್ಧ ಹಾಗೇ ಇದೆ, ಆ ನಾಲ್ಕು ವರ್ಷವೂ ತಿರುಗಿ ಬರಲಿಲ್ಲ.